ಅಮ್ಮನ ಹಿಮ್ಮಡಿ ದೃಷ್ಟಾಂತ ಅಲ್ಲ ಸ್ವಾಮೀ...

ಹಾಲು ಉಕ್ಕಿದರೆ ದೇವರ ಪ್ರೀತಿ ಉಕ್ಕಿದ ಹಾಗೆ. ಕುಕ್ಕರ್ ಮೂರು ಸಲ ಕೂಗಿದರೆ ಪೇತ್ರನಿಗೆ ಕೋಳಿ ಕೂಗಿದ ಹಾಗೆ. ನಡುರಾತ್ರಿ ಗ್ಯಾಸ್ ಖಾಲಿಯಾದರೆ ಐದು ಜನ ಪೆದ್ದ ಕನ್ಯೆಯರ ದೀಪದೆಣ್ಣೆ ಖಾಲಿಯಾದ ಹಾಗೆ. ಹೆಂಡತಿ ಚಪಾತಿ ಹಿಟ್ಟನ್ನ ಗುದ್ದಿ ಗುದ್ದಿ ನಾದುತ್ತಾಳಲ್ಲ, ದೇವರು ಕಷ್ಟ ಕೊಟ್ಟು ನಮ್ಮನ್ನ ನಾದುವುದೂ ಹಾಗೇ ಅಂತೆ.

ಇದರಲ್ಲಿ ಒಂದೆರಡು ನಾನು ಸೇರಿಸಿದ್ದು, ಉಳಿದವು ನಿಜವಾಗಿ ಕೇಳಿದ್ದು. ಯಾವುದು ಯಾವುದು ಅಂತ ನನಗೇ ಈಗ ಮರೆತುಹೋಗಿದೆ, ಅಷ್ಟು ಒಂದೇ ಥರ ಇರ್ತವೆ.

ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಇಂಥದ್ದೊಂದು ಬಂದು ಬೀಳುತ್ತೆ. ಭಾನುವಾರ ಪೂಜೆಯ ಪ್ರಬೋಧನೆಯಲ್ಲಿ ಇನ್ನೊಂದು, ವಾರದ ಮಧ್ಯೆ ಜಪಕೂಟದಲ್ಲಿ ಮತ್ತೊಂದು. ಕ್ರೈಸ್ತರಲ್ಲದ ಗೆಳೆಯರು ನಗಬೇಡಿ, ನಿಮ್ಮ ಮನೆಯ ಗುಂಪಿನಲ್ಲೂ ಇದರ ಅಣ್ಣತಮ್ಮಂದಿರು ಇದ್ದೇ ಇರ್ತಾರೆ. ನಮ್ಮದರ ಕೊನೆಯಲ್ಲಿ ಬೈಬಲ್ಲಿನ ಅಧ್ಯಾಯ, ವಚನದ ಸಂಖ್ಯೆ ಇರುತ್ತೆ, ಅಷ್ಟೇ ವ್ಯತ್ಯಾಸ.

ದಿನನಿತ್ಯದ ಸಂಸಾರದಲ್ಲಿ ದೇವರನ್ನ ಕಾಣಬಾರದು ಅಂತ ನಾನು ಹೇಳ್ತಿಲ್ಲ. ಅಲ್ಲಿ ಕಾಣದೇ ಇದ್ದರೆ ಇನ್ನೆಲ್ಲಿ ಕಾಣೋದು ಮಾರಾಯ್ರೇ, ನಾವೇನು ಸೀನಾಯಿ ಬೆಟ್ಟ ಹತ್ತೋರಾ? ನನ್ನ ತಕರಾರು ಬೇರೆ. ಈ ಪಾಠಗಳಲ್ಲಿ ಬೆವರು ಸುರಿಸೋರು ಒಬ್ಬರು, ಪಾಠ ಹೇಳೋರು ಇನ್ನೊಬ್ಬರು. ದುಡಿದವರ ಕೆಲಸ ಒಂದು ಚೂರೂ ಕಡಿಮೆಯಾಗೋದಿಲ್ಲ. ಹೇಳಿದವರಿಗೆ ಚಪ್ಪಾಳೆ ಸಿಗುತ್ತೆ. ಇದಕ್ಕೆ ನಾವು ಭಕ್ತಿ ಅಂತ ಹೆಸರಿಟ್ಟುಕೊಂಡಿದ್ದೀವಿ. ನಾನು ಇದನ್ನ ಕಳ್ಳತನ ಅಂತೀನಿ.

ಜಾಸ್ತಿ ಆಯ್ತಾ? ಇರಲಿ. ಕಳ್ಳ ಯಾರು ಅಂತ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

*

ಗೊತ್ತಿಲ್ಲದವರಿಗೆ ಒಂದು ಮಾತು. ಪಾಸ್ಕ ಹಬ್ಬಕ್ಕೆ ಮುಂಚಿನ ಗುರುವಾರ, ಪವಿತ್ರ ಗುರುವಾರ ಅಂತೀವಿ, ಅವತ್ತು ಸಂಜೆ ಪೂಜೆಯಲ್ಲಿ ಗುರುಗಳು ಮಂಡಿಯೂರಿ ಜನರ ಕಾಲು ತೊಳೀತಾರೆ. ಯೇಸುಸ್ವಾಮಿ ತನ್ನ ಕೊನೆಯ ಭೋಜನದಲ್ಲಿ ಶಿಷ್ಯರ ಕಾಲು ತೊಳೆದ ನೆನಪಿಗೆ. ಸಾಮಾನ್ಯವಾಗಿ ಹನ್ನೆರಡು ಜನ. ಪೂಜಾ ಪುಸ್ತಕದ ಪ್ರಕಾರ ಅದು ಗಂಡಸರ ಕಾಲು ಮಾತ್ರ ಆಗಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಆ ನಿಯಮ ಬದಲಾಯಿಸಿದರು. ಅವತ್ತಿಂದ ಹೆಂಗಸರು, ಮಕ್ಕಳು, ಮುದುಕರು, ಕಾಯಿಲೆಯವರು ಯಾರು ಬೇಕಾದರೂ ಕೂರಬಹುದು.

ನಮ್ಮ ಗುಡಿಯಲ್ಲಿ 2018ರಲ್ಲಿ ಆ ಹನ್ನೆರಡು ಜನರಲ್ಲಿ ಅಮ್ಮನ ಹೆಸರೂ ಬಂತು. ಅಮ್ಮ ಮೊದಲು ಒಲ್ಲೆ ಅಂದಳು. ಆಮೇಲೆ ಗುರುಗಳೇ ಮನೆಗೆ ಬಂದು "ಬನ್ನಿ ಅಮ್ಮಾ, ನಿಮ್ಮಂಥವರೇ ಕೂರಬೇಕು" ಅಂದ ಮೇಲೆ ಒಪ್ಪಿದಳು. ಹಿಂದಿನ ದಿನ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ನೆನೆಸಿಕೊಂಡು ಕೂತಿದ್ದಳು. ಉಜ್ಜೋ ಕಲ್ಲಲ್ಲಿ ಉಜ್ಜಿದಳು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ನಾನು ಅದನ್ನೆಲ್ಲ ನೋಡ್ತಾ ಇದ್ದೆ. ಗುಡಿಯಲ್ಲಿ ಅವಳ ಸರದಿ ಬಂದಾಗ ಪಾದವನ್ನ ಸೀರೆ ಅಂಚಿನ ಒಳಗೆ ಒಳಗೆ ಎಳೆದುಕೊಳ್ತಾ ಇದ್ದಳು. ಹಿಮ್ಮಡಿ ಎರಡೂ ಒಡೆದು ಬೇಸಿಗೆಯ ಕೆರೆ ಅಂಗಳದ ಥರ ಆಗಿತ್ತು. ಗುರುಗಳು ಚೊಂಬಿನಿಂದ ನೀರು ಸುರಿದರು, ಬಟ್ಟೆಯಲ್ಲಿ ಒರೆಸಿದರು, ಮುತ್ತಿಟ್ಟು ಮುಂದಿನವರ ಹತ್ತಿರ ಹೋದರು. ಅಮ್ಮ ತಲೆ ಎತ್ತಲಿಲ್ಲ.

ಮೇ ತಿಂಗಳಲ್ಲಿ ಕುಟುಂಬಗಳ ಧ್ಯಾನಕೂಟ ಇತ್ತು. ಹತ್ತು ನಿಮಿಷ ಮಾತಾಡಿ ಅಂತ ನನ್ನನ್ನ ಕೇಳಿದರು. ವಿಷಯ "ನಮ್ಮ ಮನೆಯಲ್ಲಿ ಕ್ರಿಸ್ತ". ನನಗೆ ಬಾಯಿಗೆ ಬೆಲ್ಲ ಬಿದ್ದಂಗಾಯ್ತು. ಅಮ್ಮನ ಹಿಮ್ಮಡಿ ಬಗ್ಗೆ ಮಾತಾಡಿದೆ. ಒಂದೊಂದು ಬಿರುಕೂ ಒಂದೊಂದು ತ್ಯಾಗ ಅಂದೆ. ಆ ಪಾದಗಳು ಕಲ್ವಾರಿ ಬೆಟ್ಟದ ದಾರಿಯಲ್ಲೇ ನಡೆದಿವೆ ಅಂದೆ. ಮೊಳೆ ಹೊಡೆದ ಪಾದ, ಬಿರುಕು ಬಿಟ್ಟ ಪಾದ ಅಂತ ಪ್ರಾಸ ಬೇರೆ. ಮುಂದಿನ ಸಾಲಿನಲ್ಲಿದ್ದ ಆಂಟಿಯೊಬ್ಬರು ಸೆರಗಲ್ಲಿ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ನಾಲ್ಕು ಜನ ಬಂದು ಕೈ ಕುಲುಕಿದರು. ಅಮ್ಮ ಹಿಂದಿನ ಬೆಂಚಿನಲ್ಲೇ ಇದ್ದಳು. ಕೆಲವರು ಅವಳ ಮುಖ ನೋಡಿದರು. ಕೆಲವರು ಅವಳ ಕಾಲು ನೋಡಿದರು.

ಆಟೋದಲ್ಲಿ ಮಾತಿಲ್ಲ. ಮನೆಗೆ ಬಂದು ಟೀಗೆ ಇಟ್ಟು, ಒಲೆ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಇಷ್ಟ್ ವರ್ಷ ಸೀರೆ ಅಂಚಲ್ಲಿ ಮುಚ್ಕೊಂಡು ಓಡಾಡ್ದೆ ಕಣೋ. ನೀನು ಮೈಕ್ ಹಾಕ್ಬಿಟ್ಟೆ."

ನಾನು ಏನೋ ಸಮಜಾಯಿಷಿ ಕೊಡೋಕೆ ಹೋದೆ. ಹೊಗಳಿದ್ದಲ್ವಾ ಅಮ್ಮಾ ಅಂದೆ.

"ಹಿಮ್ಮಡಿ ಒಡೆದೈತೆ ಅಂದೆ. ಯಾಕೊಡೀತು ಅಂತ ಹೇಳಿದ್ಯಾ? ಬಚ್ಚಲಲ್ಲಿ ಒದ್ದೆ ಕಲ್ಲಿನ್ ಮ್ಯಾಲೆ ನಿಂತು ನಿಮ್ಮೆಲ್ಲರ ಬಟ್ಟೆ ಒಗೆದು ಒಡೀತು. ಅದೊಂದ್ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳ್ದೆ. ಒಂದಿನಾದ್ರೂ ಒಂದು ಮುಲಾಮು ತಂದ್ಕೊಟ್ಟಿದ್ಯಾ?"

ಟೀ ಲೋಟ ನನ್ನ ಕೈಗೆ ಕೊಟ್ಟು ಬಟ್ಟೆ ತೆಗೆಯೋಕೆ ಮಹಡಿಗೆ ಹೋದಳು. ಅಷ್ಟೇ. ಅವತ್ತು ಆ ಕೂಟದಲ್ಲಿ ಒಂಬತ್ತು ಜನ ಮಾತಾಡಿದ್ದರು, ಇಬ್ಬರು ಗುರುಗಳು ಸೇರಿ. ಹತ್ತನೆಯ ಪ್ರಬೋಧನೆ ಇದು. ಇದಕ್ಕೆ ಯಾರೂ ಚಪ್ಪಾಳೆ ಹೊಡೀಲಿಲ್ಲ.

*

ಅವತ್ತಿಂದ ನನಗೆ ಒಂದು ರೋಗ ಹತ್ತಿಕೊಂಡಿದೆ. ಯಾರಾದರೂ ಮನೆಯ ದೃಷ್ಟಾಂತ ಕೊಟ್ಟರೆ ಸಾಕು, "ಯಾಕೊಡೀತು ಅಂತ ಹೇಳಿದ್ಯಾ?" ಅನ್ನೋ ದನಿ ಕಿವಿಯಲ್ಲಿ ಕೇಳುತ್ತೆ. ಅಮ್ಮ ಎಲ್ಲರೂ ಉಂಡ ಮೇಲೆ ಮಿಕ್ಕಿದ್ದು ಉಣ್ಣುತ್ತಾಳೆ, ಎಂಥಾ ಕ್ರಿಸ್ತಪ್ರೇಮ! ಸರಿ, ಯಾಕೆ ಮಿಕ್ಕಿದ್ದನ್ನ ಉಣ್ಣುತ್ತಾಳೆ? ಹೆಂಡತಿ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನ ಎಬ್ಬಿಸಿ, ಆಫೀಸಿಗೂ ಹೋಗ್ತಾಳೆ, ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿ ಹೆಂಡತಿಯ ಹಾಗೆ! ಸರಿ, ಆ ನಾಲ್ಕೂವರೆಗೆ ನೀನು ಏನು ಮಾಡ್ತಿರ್ತೀಯಪ್ಪಾ?

ಇದು ನಮ್ಮನೆ ನಿಮ್ಮನೆ ಕತೆ ಮಾತ್ರ ಅಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ ದೇಶಪೂರ್ತಿ ಸಮೀಕ್ಷೆ ಮಾಡಿತ್ತು. ಆರು ವರ್ಷ ಮೇಲ್ಪಟ್ಟವರಲ್ಲಿ ಮನೆಯ ಸಂಬಳವಿಲ್ಲದ ಕೆಲಸಕ್ಕೆ ಕೈ ಹಾಕುವ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಕೈ ಹಾಕಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಅಂದರೆ ಸುಮಾರು ಐದು ಗಂಟೆಗೆ ಒಂದೂವರೆ ಗಂಟೆ. ಈ ಲೆಕ್ಕ ಹಿಂದೂ, ಮುಸ್ಲಿಮ್, ಕ್ರೈಸ್ತ ಅಂತ ಬೇರೆ ಮಾಡಿ ಹೇಳಿದ್ದಲ್ಲ. ಆದರೆ ನಮ್ಮ ಮನೆಗಳು ಇದಕ್ಕೆ ಹೊರತು ಅಂತ ಹೇಳೋಕೆ ನನಗಂತೂ ಧೈರ್ಯ ಇಲ್ಲ. ನಿಮಗಿದ್ದರೆ ಹೇಳಿ.

ಈ ಐದು ಗಂಟೆಯನ್ನ ನಾವು "ತ್ಯಾಗ" ಅಂತ ಕರೆದ ಕೂಡಲೇ ಏನಾಗುತ್ತೆ ನೋಡಿ. ಅದು ಪವಿತ್ರವಾಗಿಬಿಡುತ್ತೆ. ಪವಿತ್ರವಾದದ್ದನ್ನ ಮುಟ್ಟಬಾರದು, ಹಂಚಬಾರದು, ಪ್ರಶ್ನೆ ಮಾಡಬಾರದು. ದೂರದಿಂದ ಕೈ ಮುಗಿಯಬಹುದು ಅಷ್ಟೇ. ಅಮ್ಮಂದಿರನ್ನ ಪೀಠದ ಮೇಲೆ ಕೂರಿಸೋದು ಯಾಕೆ ಅಂದರೆ, ಕೆಳಗೆ ಇಳಿದು ಬಂದು "ಈ ತಟ್ಟೆ ಯಾರದು?" ಅಂತ ಕೇಳಬಾರದು ಅಂತ.

*

ಇಲ್ಲಿಗೆ ನಮ್ಮವರು ಒಂದು ಬಾಣ ಬಿಡ್ತಾರೆ. "ಯೇಸುಸ್ವಾಮಿಯೇ ಮನೆಯ ದೃಷ್ಟಾಂತ ಕೊಟ್ಟಿದ್ದಾರಲ್ಲ? ಹಿಟ್ಟು, ಹುಳಿ, ಉಪ್ಪು, ದೀಪ, ಹಳೇ ಬಟ್ಟೆಗೆ ತೇಪೆ..."

ನಿಜ. ಕೊಟ್ಟಿದ್ದಾರೆ. ಆದರೆ ಹೇಗೆ ಕೊಟ್ಟಿದ್ದಾರೆ ಅಂತ ಒಂದು ಸಲ ಸರಿಯಾಗಿ ಓದಿ ನೋಡಿ ಸ್ವಾಮಿ.

ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯ ತಗೊಳ್ಳಿ. ಒಬ್ಬ ಹೆಂಗಸಿನ ಹತ್ತಿರ ಹತ್ತು ಬೆಳ್ಳಿ ನಾಣ್ಯ ಇರುತ್ತೆ, ಒಂದು ಕಳೆದುಹೋಗುತ್ತೆ. ಒಂದು ನಾಣ್ಯ ಅಂದರೆ ಹೆಚ್ಚುಕಡಿಮೆ ಒಂದು ದಿನದ ಕೂಲಿ. ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ, ಸಿಗೋ ತನಕ ಹುಡುಕುತ್ತಾಳೆ. ಈ ಕತೆಯನ್ನ ನಮ್ಮ ಪ್ರಬೋಧಕರ ಕೈಗೆ ಕೊಟ್ಟಿದ್ದರೆ "ಹೆಣ್ಣುಮಕ್ಕಳು ಹೀಗೆ ಮನೆಯನ್ನ ಚೊಕ್ಕಟವಾಗಿ ಇಟ್ಟುಕೊಳ್ಳಬೇಕು" ಅಂತ ಮುಗಿಸ್ತಿದ್ದರು. ಯೇಸುಸ್ವಾಮಿ ಆ ಹೆಂಗಸನ್ನ ಯಾರಿಗೆ ಹೋಲಿಸಿದರು? ದೇವರಿಗೆ! ಅದೇ ಅಧ್ಯಾಯದಲ್ಲಿ ಕುರಿ ಹುಡುಕುವ ಕುರುಬ ದೇವರು, ಓಡಿಬಂದು ಮಗನನ್ನ ತಬ್ಬಿಕೊಳ್ಳುವ ಅಪ್ಪ ದೇವರು, ನಡುವೆ ಕೈಯಲ್ಲಿ ಪೊರಕೆ ಹಿಡಿದಿರೋ ಹೆಂಗಸೂ ದೇವರು. ಕಳೆದುಹೋದ ನಾಣ್ಯ ನಾವು, ಕೇಳುತ್ತಾ ಕೂತಿರೋರು. ಆ ಅಪ್ಪನ ಚಿತ್ರ ಎಷ್ಟು ಗುಡಿಗಳಲ್ಲಿ ನೋಡಿದ್ದೀನಿ. ಪೊರಕೆ ಹಿಡಿದ ದೇವರ ಚಿತ್ರ ಒಂದೇ ಒಂದು ಗುಡಿಯಲ್ಲೂ ನಾನು ನೋಡಿಲ್ಲ.

ಹುಳಿಹಿಟ್ಟಿನ ಸಾಮತಿಯೂ ಅಷ್ಟೇ. ಆ ಹೆಂಗಸು ನಾದುವುದು ಮೂರು ಸೇರು ಅಂತ ನಾವು ಸುಮ್ಮನೆ ಓದಿಕೊಂಡು ಹೋಗ್ತೀವಿ. ಮೂಲದ ಅಳತೆ ಹಿಡಿದರೆ ಅದು ನೂರು ಜನದ ಪಂಕ್ತಿಗೆ ಆಗುವಷ್ಟು ರೊಟ್ಟಿ ಅಂತ ವ್ಯಾಖ್ಯಾನಕಾರರು ಹೇಳ್ತಾರೆ. ಕೇಳಿದ ಹಳ್ಳಿ ಹೆಂಗಸರಿಗೆ ಮೊದಲು ಸೊಂಟ ನೋವು ನೆನಪಾಗಿರಬೇಕು, ಆಮೇಲೆ ನಗು ಬಂದಿರಬೇಕು. ಹೇಳಿದವನಿಗೆ ಹಿಟ್ಟು ನಾದೋದು ಅಂದರೆ ಏನು ಅಂತ ಗೊತ್ತಿತ್ತು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಯೇಸುಸ್ವಾಮಿಯ ಮನೆಯ ಕತೆಗಳಲ್ಲಿ ಮುಜುಗರ ಆಗೋದು ಕೇಳುಗನಿಗೆ, ಕತೆಯಲ್ಲಿ ಇರೋರಿಗಲ್ಲ. ಮತ್ತಾಯನಲ್ಲಿ ಇಬ್ಬರು ಮಕ್ಕಳ ಕತೆ ಇದೆ. ತೋಟಕ್ಕೆ ಹೋಗಿ ಕೆಲಸ ಮಾಡ್ರೋ ಅಂತ ಅಪ್ಪ ಹೇಳ್ತಾನೆ. ಒಬ್ಬ ಹೋಗಲ್ಲ ಅಂತಾನೆ, ಆಮೇಲೆ ಮನಸ್ಸು ಬದಲಾಯಿಸಿ ಹೋಗ್ತಾನೆ. ಇನ್ನೊಬ್ಬ ಆಗಲಿ ಅಪ್ಪಾ ಅಂತಾನೆ, ಹೋಗೋದೇ ಇಲ್ಲ. ಅಪ್ಪನ ಮಾತು ನಡೆಸಿದೋನು ಯಾರು ಅಂತ ಪ್ರಶ್ನೆ ಕೇಳಿ, ಉತ್ತರ ಕೊಟ್ಟೋರ ಕುತ್ತಿಗೆಗೇ ಅದನ್ನ ಸುತ್ತಿಬಿಟ್ಟರು. ಕೇಳ್ತಾ ಇದ್ದೋರು ಯಾರು? ದೇವಾಲಯದ ಯಾಜಕರು, ಹಿರಿಯರು, ಅಂದರೆ ಪಾಠ ಹೇಳೋ ಜನ. ಧ್ಯಾನಕೂಟದಲ್ಲಿ ಮೈಕ್ ಹಿಡಿದು ಅಮ್ಮನ ಹಿಮ್ಮಡಿ ಹೊಗಳಿದ ನಾನು ಆ ಇಬ್ಬರು ಮಕ್ಕಳಲ್ಲಿ ಯಾರು ಅಂತ ಬಿಡಿಸಿ ಹೇಳಬೇಕಾ?

ಮಾರ್ಕನ ಏಳನೇ ಅಧ್ಯಾಯವಂತೂ ನೇರವಾಗಿ ನಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ. ಆ ಕಾಲದಲ್ಲಿ "ಕೊರ್ಬಾನ್" ಅಂತ ಒಂದು ಪದ್ಧತಿ ಇತ್ತು. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನ ಇದು ದೇವರಿಗೆ ಮುಡಿಪು ಅಂದುಬಿಟ್ಟರೆ ಮುಗೀತು, ಆಮೇಲೆ ಅವರಿಗೆ ಏನೂ ಮಾಡಬೇಕಾಗಿಲ್ಲ. ದೇವರ ಹೆಸರಲ್ಲಿ ಅಪ್ಪ ಅಮ್ಮನಿಗೆ ನಾಮ! ಯೇಸುಸ್ವಾಮಿ ಇದನ್ನ ಮಾಡಿದವರಿಗೆ ಕಪಟಿಗಳು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ನಾನು ಆಗ ವಾರಕ್ಕೆರಡು ಸಂಜೆ ಜಪಕೂಟಕ್ಕೆ ಹೋಗ್ತಿದ್ದೆ. ಕುಟುಂಬ ಜೀವನದ ಬಗ್ಗೆ ಚರ್ಚೆ, ಹಾಡು, ಕೊನೆಗೆ ಬಿಸ್ಕತ್ತು ಕಾಫಿ. ಆ ಎರಡೂ ಸಂಜೆ ಅಮ್ಮ ಒಬ್ಬಳೇ ಬಚ್ಚಲಲ್ಲಿ. ನನ್ನ ಸಂಜೆಗಳೆಲ್ಲ ಕೊರ್ಬಾನ್ ಆಗಿತ್ತು. ಅದೂ ಕುಟುಂಬದ ಹೆಸರಲ್ಲೇ.

*

ಈವರೆಗೆ ಹೇಳಿದ್ದು ತಟ್ಟೆ ಲೋಟದ ಜಗಳ ಅಂತ ನೀವು ತಳ್ಳಿಹಾಕಬಹುದು. ಆದರೆ ಇದೇ ಚಟ ಇನ್ನೊಂದು ಕಡೆಗೂ ಹೋಗುತ್ತೆ. ಅಲ್ಲಿ ನನಗೆ ತಮಾಷೆ ಮಾಡೋಕೆ ಆಗೋದಿಲ್ಲ.

ನನ್ನ ದೊಡ್ಡಮ್ಮ ಒಬ್ಬರಿದ್ದರು. ಗಂಡ ಕುಡೀತಿದ್ದರು, ಹೊಡೀತಿದ್ದರು. ಇಡೀ ಊರಿಗೆ ಗೊತ್ತಿತ್ತು. ಒಂದು ಸಲ ತಪಸ್ಸುಕಾಲದಲ್ಲಿ ಹೊರಗಿನಿಂದ ಬಂದ ಪ್ರಬೋಧಕರೊಬ್ಬರು "ನಿಮ್ಮೂರಲ್ಲೇ ಒಬ್ಬ ತಾಯಿ ಇದ್ದಾರೆ, ಮೌನವಾಗಿ ಶಿಲುಬೆ ಹೊರುತ್ತಿದ್ದಾರೆ" ಅಂತ ಶುರು ಮಾಡಿದರು. ಹೆಸರು ಹೇಳಲಿಲ್ಲ. ಹೇಳೋದು ಬೇಕಾಗೂ ಇರಲಿಲ್ಲ. ದೊಡ್ಡಮ್ಮ ಮುಂದಿನ ಸಾಲಲ್ಲೇ ತಲೆ ತುಂಬ ಸೆರಗು ಹೊದ್ದು ಕೂತಿದ್ದರು. ಅದು ಭಕ್ತಿಗೆ ಹೊದ್ದ ಸೆರಗಲ್ಲ ಅಂತ ಹತ್ತು ವರ್ಷದ ಹುಡುಗ ನನಗೂ ಗೊತ್ತಿತ್ತು. ಆ ಭಾಷಣದ ನಂತರ ಊರಿನ ಹಿರಿಯರು ದೊಡ್ಡಮ್ಮನ ಬಗ್ಗೆ ಹೆಮ್ಮೆಪಟ್ಟರು. ದೊಡ್ಡಪ್ಪನ ಜೊತೆ ಒಬ್ಬರೂ ಮಾತಾಡಲಿಲ್ಲ. ಇದಕ್ಕಿಂತ ಹೆಚ್ಚು ನಾನು ಇಲ್ಲಿ ಬರೆಯೋದಿಲ್ಲ. ಬರೀಲಾ ಅಂತ ಕೇಳೋಕೆ ದೊಡ್ಡಮ್ಮ ಈಗಿಲ್ಲ.

ಶಿಲುಬೆಯ ಮಾತು ಲೂಕನಲ್ಲಿ ಒಂಬತ್ತನೇ ಅಧ್ಯಾಯದಲ್ಲಿ ಬರುತ್ತೆ. ನನ್ನ ಹಿಂದೆ ಬರೋನು ದಿನಾ ತನ್ನ ಶಿಲುಬೆಯನ್ನ ಹೊರಲಿ ಅನ್ನೋ ಅರ್ಥದ ಮಾತು. "ತನ್ನ" ಅನ್ನೋ ಪದದ ಕೆಳಗೆ ಒಂದು ಗೆರೆ ಎಳೆದುಕೊಳ್ಳಿ. ಹೆಂಡತಿಗೆ ಒಂದು ಶಿಲುಬೆ ಮಾಡಿ ಹೊರಿಸು ಅಂತ ಎಲ್ಲೂ ಹೇಳಿಲ್ಲ. ಬೇರೆಯವರ ಬೆನ್ನ ಮೇಲಿರೋ ಶಿಲುಬೆಯನ್ನ ಪಕ್ಕದಲ್ಲಿ ನಿಂತು ವರ್ಣಿಸು ಅಂತಲೂ ಹೇಳಿಲ್ಲ. ಅಷ್ಟೇ ಯಾಕೆ, ಯೇಸುಸ್ವಾಮಿಯ ಶಿಲುಬೆಗೇ ಸಿರೇನ್ ಊರಿನ ಸಿಮೋನ ಅನ್ನೋನು ಹೆಗಲು ಕೊಡಬೇಕಾಯ್ತು. ಶಿಲುಬೆಹಾದಿಯಲ್ಲಿ ಐದನೇ ಸ್ಥಳದಲ್ಲಿ ಪ್ರತಿ ಶುಕ್ರವಾರ ಅವನ ಹೆಸರು ಹೇಳಿ ಮಂಡಿಯೂರ್ತೀವಿ. ಆಮೇಲೆ ಎದ್ದು ಮನೆಗೆ ಹೋಗ್ತೀವಿ.

ಹೊಡೆತ ತಿನ್ನೋದು ಕ್ರೈಸ್ತ ಹೆಣ್ಣಿನ ಧರ್ಮ ಅಂತ ಯಾರಾದರೂ ಹೇಳಿದರೆ ಅವರಿಗೆ ತಮ್ಮದೇ ಸಭೆಯ ಕಾನೂನು ಗೊತ್ತಿಲ್ಲ ಅಂತ ಅರ್ಥ. ಗಂಡನಿಂದಾಗಲೀ ಹೆಂಡತಿಯಿಂದಾಗಲೀ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯ ಇದ್ದರೆ ಬೇರೆ ಇರಬಹುದು ಅಂತ ಕಥೋಲಿಕ ಕಾನೂನು ಸಂಹಿತೆಯ 1153ನೇ ನಿಯಮ ಹೇಳುತ್ತೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಬರೆದ "ಆಮೋರಿಸ್ ಲೆತೀಸಿಯಾ" ಇನ್ನೂ ಮುಂದೆ ಹೋಗಿ, ದುರ್ಬಲ ಸಂಗಾತಿಯನ್ನೋ ಮಕ್ಕಳನ್ನೋ ಕಾಪಾಡಬೇಕಾದಾಗ ಬೇರೆಯಾಗುವುದು ಕೆಲವು ಸಲ ನೈತಿಕವಾಗಿ ಅಗತ್ಯವೇ ಅಂತ ಒಪ್ಪುತ್ತೆ. ಹೆಂಗಸರ ಮೇಲೆ ಕೈ ಮಾಡೋದನ್ನ ಅದು ಹೇಡಿತನ ಅಂತಲೇ ಕರೆಯುತ್ತೆ. ದೇಶದ ಕಾನೂನಂತೂ ಇದ್ದೇ ಇದೆ, ಕೌಟುಂಬಿಕ ದೌರ್ಜನ್ಯ ತಡೆಯ ಕಾಯ್ದೆ 2005ರದ್ದು, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹಾಲು ಉಕ್ಕಿದ್ದಕ್ಕೆ ದೃಷ್ಟಾಂತ ಹುಡುಕೋ ಉತ್ಸಾಹದಲ್ಲಿ ನೂರಕ್ಕೊಂದು ಪಾಲು ಇದನ್ನ ಪೀಠದಿಂದ ಓದಿ ಹೇಳೋದಕ್ಕೆ ತೋರಿಸಿದ್ದರೂ ಎಷ್ಟೋ ಸೆರಗುಗಳು ತಲೆಯಿಂದ ಇಳೀತಿದ್ದವು.

*

ನನ್ನ ಗೆಳೆಯರೊಬ್ಬರು ಗುರುಗಳು. ಇದನ್ನೆಲ್ಲ ಅವರ ಮುಂದೆ ಹೇಳಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ಒಂದು ಮಾತು ಕೇಳಿದರು. "ನೀವು ಹೇಳೋದು ಸರಿ ಇರಬಹುದು. ಆದರೆ ದಿನವಿಡೀ ದುಡಿದು ಬಂದ ಜನಕ್ಕೆ ನಾನು ದೇವಶಾಸ್ತ್ರ ಹೇಳ್ಲಾ? ನಿಮ್ಮ ಮನೆಯಲ್ಲೇ ದೇವರಿದ್ದಾನೆ ಕಣ್ರಪ್ಪಾ ಅಂದ್ರೆ ಅವರಿಗೆ ಸಮಾಧಾನ ಆಗುತ್ತೆ. ಅದನ್ನೂ ಕಿತ್ಕೋಬೇಕಾ?"

ಒಳ್ಳೇ ಪ್ರಶ್ನೆ. ಎರಡು ದಿನ ತಲೆ ಕೆಡಿಸಿಕೊಂಡೆ. ನನಗೆ ಹೊಳೆದ ಉತ್ತರ ಇಷ್ಟು. ಕಿತ್ಕೋಬೇಡಿ, ಆದರೆ ಯಾರ ಬಾಯಿಂದ ಬರ್ತಿದೆ ಅಂತ ನೋಡಿ.

ಅಡುಗೆಮನೆಯಲ್ಲಿ ದೇವರನ್ನ ಕಂಡವರು ನಮ್ಮ ಪರಂಪರೆಯಲ್ಲಿ ಎಷ್ಟೋ ಜನ ಇದ್ದಾರೆ. ಹದಿನೇಳನೇ ಶತಮಾನದ ಪ್ಯಾರಿಸ್ಸಿನಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಮೊದಲು ಸಿಪಾಯಿ, ಆಮೇಲೆ ಕಾರ್ಮೆಲ್ ಮಠದ ಅಡುಗೆಭಟ್ಟ. ಅಡುಗೆ ಕೆಲಸ ಅವರಿಗೆ ಇಷ್ಟವೂ ಇರಲಿಲ್ಲ. ಪಾತ್ರೆಗಳ ಗಲಾಟೆಯ ನಡುವೆಯೇ ದೇವರ ಜೊತೆ ಇರೋದು ಹೇಗೆ ಅಂತ ಅವರು ಹೇಳಿದ್ದನ್ನ ಬೇರೆಯವರು ಬರೆದಿಟ್ಟರು, 1691ರಲ್ಲಿ ಅವರು ತೀರಿಕೊಂಡ ಮೇಲೆ ಅದು ಪುಸ್ತಕ ಆಯ್ತು. ಲಿಸಿಯೂ ಊರಿನ ಕಿರಿಯ ತೆರೇಸಮ್ಮ ತಮ್ಮ ಆತ್ಮಕತೆಯಲ್ಲಿ ಬಟ್ಟೆ ಒಗೆಯೋ ಜಾಗದ ಕತೆ ಬರೀತಾರೆ. ಎದುರಿಗಿದ್ದ ಸಿಸ್ಟರ್ ಒಗೆಯುವಾಗ ಕೊಳೆನೀರು ಇವರ ಮುಖಕ್ಕೆ ಸಿಡೀತಿತ್ತು. ಒರೆಸಿಕೊಳ್ಳಬೇಕು ಅನಿಸಿದರೂ ಒರೆಸಿಕೊಳ್ಳದೆ ಸಹಿಸಿಕೊಂಡೆ ಅಂತಾರೆ. ಗಮನಿಸಿ, ಇಬ್ಬರ ಕೈಯೂ ನೀರಲ್ಲೇ ಇತ್ತು. ಲಾರೆನ್ಸ್ ಊಟದ ಮನೆಯಲ್ಲಿ ಕೂತು ಅಡುಗೆಭಟ್ಟರ ತಾಳ್ಮೆ ಹೊಗಳಲಿಲ್ಲ. ತೆರೇಸಮ್ಮ ತನ್ನ ಮುಖಕ್ಕೆ ಬಿದ್ದ ನೀರಿನ ಬಗ್ಗೆ ಹೇಳಿದರೇ ಹೊರತು ಪಕ್ಕದವಳ ಮುಖಕ್ಕೆ ಬಿದ್ದದ್ದರ ಬಗ್ಗೆ ಅಲ್ಲ.

ಕನ್ನಡದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರಬೇಕು. ಆಯ್ದಕ್ಕಿ ಲಕ್ಕಮ್ಮನ ಕತೆ ಶಾಲೆಯಲ್ಲಿ ಓದಿದ್ದೀವಲ್ಲ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರೋನು. ಒಂದು ದಿನ ಜಾಸ್ತಿ ತಂದ. ಇಷ್ಟೊಂದು ನಮಗ್ಯಾಕೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ಹಿಂದಕ್ಕೆ ಕಳಿಸಿದೋಳು ಲಕ್ಕಮ್ಮ. ಇದು ಮನೆಯೊಳಗಿನ ಪಾಠವೇ. ಅಕ್ಕಿ, ಒಲೆ, ಗಂಡ ಹೆಂಡತಿ ಎಲ್ಲಾ ಇದೆ. ಆದರೆ ಅಲ್ಲಿ ಮಾರಯ್ಯ ಅನುಭವಮಂಟಪದಲ್ಲಿ ಎದ್ದು ನಿಂತು "ನನ್ನ ಹೆಂಡತಿ ಎಷ್ಟು ತ್ಯಾಗಮಯಿ ಗೊತ್ತಾ" ಅಂತ ಭಾಷಣ ಮಾಡಲಿಲ್ಲ. ಲಕ್ಕಮ್ಮನೇ ಮಾತಾಡಿದಳು, ತನ್ನದೇ ಅಂಕಿತದಲ್ಲಿ ವಚನ ಬರೆದಳು. ಮಾರಯ್ಯ ಅಕ್ಕಿ ಹೊತ್ಕೊಂಡು ವಾಪಸ್ ಹೋದ. ನನ್ನ ಕ್ರೈಸ್ತ ಬಂಧುಗಳು ತಪ್ಪು ತಿಳೀಬಾರದು, ಮನೆಪಾಠ ಹೇಗಿರಬೇಕು ಅನ್ನೋದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾಗಿ ಆ ಗುರುಗಳಿಗೆ ನಾನು ಹೇಳಿದ್ದು ಇದು. ಫಾದರ್, ಮುಂದಿನ ಸಲ ಅಮ್ಮಂದಿರ ಬಗ್ಗೆ ಹೇಳೋ ಬದಲು ಅಮ್ಮಂದಿರಿಗೇ ಮೈಕ್ ಕೊಡಿ. ಸಮಾಧಾನ ಸಿಗುತ್ತೋ ಇಲ್ವೋ, ಸತ್ಯವಂತೂ ಸಿಗುತ್ತೆ. ಅವರು ನಕ್ಕರು. ಈ ಸಲದ ಕೂಟದಲ್ಲಿ ಪ್ರಯತ್ನ ಮಾಡೋಣ ಅಂದಿದ್ದಾರೆ. ಗಂಡಸರು ಎಷ್ಟು ಜನ ಬರ್ತಾರೋ ನೋಡಬೇಕು.

*

ನನಗೆ ನಾನೇ ಮೂರು ಕಟ್ಟಳೆ ಹಾಕಿಕೊಂಡಿದ್ದೀನಿ. ಬೇಕಾದವರು ತಗೊಳ್ಳಿ, ಬೇಡದವರು ಬಯ್ಯಿರಿ.

1. ಮನೆಯ ದೃಷ್ಟಾಂತದಲ್ಲಿ ಪೆದ್ದನ ಪಾತ್ರ ಯಾವಾಗಲೂ ಹೇಳೋನದೇ ಆಗಿರಬೇಕು. ಹೆಂಡತಿಯ ಕೋಪ, ಮಗಳ ಪಿಯುಸಿ ಫೇಲು, ಅತ್ತೆಯ ಮರೆವು ಇವೆಲ್ಲ ನನ್ನ ಸ್ವತ್ತಲ್ಲ.

2. ಬೇರೆಯವರ ವಿಷಯ ಬಂದರೆ ಅವರನ್ನ ಕೇಳಿಯೇ ಹೇಳಬೇಕು. ಬೇಡ ಅಂದರೆ ಬಾಯಿ ಮುಚ್ಚಬೇಕು. ಎಷ್ಟೇ ಚೆಂದದ ಪಾಠ ಇದ್ದರೂ ಸರಿ.

3. ಪಾಠ ಸಿಕ್ಕಿದ ದಿನ ಸಂಜೆಯೊಳಗೆ ಆ ಮನೆಯಲ್ಲಿ ಏನಾದರೊಂದು ಬದಲಾಗಿರಬೇಕು. ಒಂದು ಬಕೆಟ್ ನೀರು ಈ ಕೈಯಿಂದ ಆ ಕೈಗೆ ಹೋದರೂ ಸಾಕು. ಏನೂ ಬದಲಾಗದಿದ್ದರೆ ಅದು ಪಾಠ ಅಲ್ಲ, ಕೊರೆತ.

ಈ ಮೂರನೆಯದಕ್ಕೆ ನಾನು ಕೊಟ್ಟ ಲೆಕ್ಕ ಇಷ್ಟು: ಜಪಕೂಟದ ಎರಡು ಸಂಜೆಯಲ್ಲಿ ಒಂದು ಕಡಿಮೆ ಮಾಡಿದೆ. ವಾಷಿಂಗ್ ಮೆಷಿನ್ ಕಂತಿನಲ್ಲಿ ಬಂತು. ಮೆಷಿನ್ ತಂದದ್ದು ದೊಡ್ಡ ಸಾಧನೆ ಅಲ್ಲ ಅಂತ ಬೇಗ ಗೊತ್ತಾಯ್ತು, ಯಾಕಂದರೆ ಅದಕ್ಕೆ ಬಟ್ಟೆ ಹಾಕೋದು, ತೆಗೆಯೋದು, ಒಣಗಿಸೋದು, ಮಡಿಸೋದು ಮತ್ತೆ ಅಮ್ಮನ ಪಾಲಿಗೇ ಬಂತು. ಅದಕ್ಕೆ ಇನ್ನೊಂದು ಜಗಳ ಆಗಬೇಕಾಯ್ತು. ಈಗ ಅದು ನನ್ನ ಕೆಲಸ. ಸರಿಯಾಗಿ ಮಡಿಸೋದಿಲ್ಲ ಅಂತ ಬೈಸಿಕೊಳ್ಳೋದೂ ನನ್ನ ಕೆಲಸವೇ. ಇಷ್ಟಕ್ಕೇ ನಾನು ಸಂತ ಆಗಿಲ್ಲ. ಅಡುಗೆಮನೆಯ ಲೆಕ್ಕ ತೆಗೆದರೆ ಈಗಲೂ ನಾನು ಆ 97 ನಿಮಿಷದ ಗುಂಪಿನಲ್ಲೇ ಇದ್ದೀನಿ.

ಎರಡನೇ ಕಟ್ಟಳೆಯ ಪ್ರಕಾರ ಇದನ್ನ ಪ್ರಕಟಿಸೋ ಮುಂಚೆ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು. ಟೀಗೆ ಇಡುವಾಗ ಅವಳ ಕಣ್ಣಲ್ಲಿ ನೀರಿತ್ತು ಅಂತ ಬರೆದಿದ್ದೆ. "ನಾನೆಲ್ಲಿ ಅತ್ತೆ? ಸಿಟ್ಟು ಬಂದಿತ್ತು. ಹಾಗಂತ್ಲೇ ಬರಿ" ಅಂದಳು. ಆ ಸಾಲು ಕಿತ್ತುಹಾಕಿದ್ದೀನಿ. ಕೊನೆಯಲ್ಲಿ ಈಗ ಅಮ್ಮನ ಹಿಮ್ಮಡಿ ಹೇಗಿದೆ ಅಂತಲೂ ಒಂದು ಪ್ಯಾರಾ ಬರೆದಿದ್ದೆ, ಚೆನ್ನಾಗೇ ಬಂದಿತ್ತು. ಅದನ್ನೂ ತೆಗೆಸಿದಳು.

"ಅದು ಊರೋರಿಗ್ಯಾಕೆ?" ಅಂದಳು.

ಸರಿ, ಕೊರೆದಿದ್ದು ಸಾಕು. ನಿಮ್ಮನೆಗಳಲ್ಲಿ ಹೇಗೆ? ಬರೀರಿ. ಬರೆಯೋ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿ.